ರಿಂಗು ಬಿಗಿಮಾಡಿದವನು

ಬಾಸ್ಕೆಟ್‌ಬಾಲ್ ಅಂಗಳದ ಒಂದು ರಿಂಗು ಕಿರುಗುಟ್ಟುತ್ತಿತ್ತು. ಆಗಿದ್ದು ಅಷ್ಟೇ. ಚೆಂಡು ತಗುಲಿದಾಗಲೆಲ್ಲ, ಹಳೆಯ ಮಂಚದ ಮೇಲೆ ದಢೂತಿ ಮನುಷ್ಯ ಮಗ್ಗುಲು ಬದಲಿಸಿದ ಹಾಗೆ ಒಂದು ಸದ್ದು ಬರುತ್ತಿತ್ತು. ಸರಣಿಯ ಕೊನೆಯ ಪಂದ್ಯಕ್ಕೆ ಪಕ್ಕದೂರಿನವರೆಲ್ಲ ಬಂದು ಕೂರುವಾಗ ಈ ಸದ್ದು ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ ಎಂದು ಡ್ರಿಲ್ ಮಾಸ್ತರು ಹಿಂದಿನ ದಿನವೇ ಕಿಡಿಯಣ್ಣನನ್ನು ಕರೆಸಿದ್ದರು. ಅವನು ಏಣಿ ಹಾಕಿ ಹತ್ತಿ, ಸಡಿಲವಾಗಿದ್ದ ಬೋಲ್ಟು ಬಿಗಿದು, ಬಿರುಕು ಬಿಟ್ಟಿದ್ದ ಕಡೆ ಒಂದು ಬೆಸುಗೆ ಹಾಕಿ ಇಳಿದ. ಸದ್ದು ನಿಂತಿತು. ಮಾಸ್ತರು ಬೆನ್ನು ತಟ್ಟಿದರು.

ಮರುದಿನ ಸಂಜೆ ಊರು ಸೋತಿತು.

ಸೋತದ್ದು ಎಂಥ ಸೋಲು. ಎರಡು ಪಂದ್ಯ ಅವರು, ಎರಡು ಪಂದ್ಯ ಇವರು ಗೆದ್ದು, ಐದನೆಯದು ಸ್ವಂತ ಅಂಗಳದಲ್ಲೇ ಬಿದ್ದಿತ್ತು. ಸ್ವಂತ ಅಂಗಳದಲ್ಲಿ ಊರಿನ ತಂಡ ಸೋತದ್ದನ್ನು ನೋಡಿದವರೇ ಕಡಿಮೆ. ಕೊನೆಗೆ ಒಂದು ಪಾಯಿಂಟು ಹಿಂದಿದ್ದಾಗ ಚೆಂಡು ಕೊಕ್ಕರೆಯ ಕೈಗೆ ಬಂತು. ಕೊಕ್ಕರೆ ಎಂದರೆ ಕಿಡಿಯಣ್ಣನ ಬಾಮೈದ. ಹುಟ್ಟುವಾಗಲೇ ಮೊಣಕಾಲಿನ ಕೆಳಗೆ ಇನ್ನೊಂದು ಕಾಲು ಸೇರಿಸಿಕೊಂಡು ಬಂದ ಹಾಗಿದ್ದವನು. ಅವನು ಎಸೆದ ಚೆಂಡು ರಿಂಗಿನ ಅಂಚಿನ ಮೇಲೆ, ವಿಳಾಸ ಹುಡುಕುವ ಪರವೂರಿನವನಂತೆ, ಒಂದು ಸುತ್ತು ಬಂದು, ಇದು ನಮ್ಮ ಮನೆಯಲ್ಲ ಅಂದುಕೊಂಡು ಹೊರಗೆ ಬಿತ್ತು. ಆ ರಿಂಗು ಕಿಡಿಯಣ್ಣ ಬಿಗಿಮಾಡಿದ ರಿಂಗು.

ಕಿಡಿಯಣ್ಣ ಅನ್ನುವುದು ಅವನ ಹೆಸರಲ್ಲ. ಊರಿಗಿದ್ದ ಒಂದೇ ವೆಲ್ಡಿಂಗ್ ಅಂಗಡಿ ಅವನದು. ಅಲ್ಲಿ ಹಾರುವ ಕಿಡಿಗಳಿಂದ ಬಂದ ಹೆಸರು. ಸ್ವಭಾವದಲ್ಲಿ ಒಂದು ಕಿಡಿಯೂ ಇರಲಿಲ್ಲ. ಯಾರಾದರೂ ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಅದೇ ನಿಜವಿರಬೇಕು ಎಂದು ನಂಬುವ ಪ್ರಾಣಿ. ಅವನು ಗಳಿಸಿದ್ದ ಒಂದೇ ಆಸ್ತಿಯೆಂದರೆ, ಕಿಡಿಯಣ್ಣ ಹಾಕಿದ ಬೆಸುಗೆ ಬಿಡುವುದಿಲ್ಲ ಎಂಬ ಮಾತು. ಸುತ್ತಲಿನ ಹೊಲಗಳಿಂದ ನೇಗಿಲು, ಗೇಟು, ಟ್ರೇಲರು, ನೀರಿನ ಪೈಪು ಅವನ ಬಾಗಿಲಿಗೆ ಬರುತ್ತಿದ್ದದ್ದು ಆ ಮಾತಿನ ಬೆನ್ನು ಹತ್ತಿ. ಆ ಮಾತು ಹೋದರೆ ಉಳಿಯುವುದು ಒಂದು ಕಪ್ಪು ಕನ್ನಡಕ ಮತ್ತು ಸುಟ್ಟ ಕೈಬೆರಳು.

ಬೆಳಿಗ್ಗೆ ಅವನು ಏಳುವ ಹೊತ್ತಿಗೆ ಮನೆಯಲ್ಲಿ ಯಾರೋ ಸತ್ತ ಹಾಗೆ ಮೌನವಿತ್ತು. ಒಳಕೋಣೆಯಲ್ಲಿ ಕೊಕ್ಕರೆ ಕಂಬಳಿ ಹೊದ್ದು ಮಲಗಿದ್ದ. ತಲೆ ಮುಚ್ಚಿದರೆ ಕಾಲು ಹೊರಗೆ, ಕಾಲು ಮುಚ್ಚಿದರೆ ತಲೆ ಹೊರಗೆ ಬರುವ ಕಂಬಳಿ. ಈ ದಿನ ಅವನು ತಲೆಯನ್ನು ಆರಿಸಿಕೊಂಡಿದ್ದ. ಹೊರಗೆ ಚಾಚಿದ ಪಾದಗಳ ಹತ್ತಿರ ಮುಟ್ಟದ ಚಹಾ ಆರುತ್ತಿತ್ತು.

"ರಾತ್ರಿಯಿಂದ ಒಂದು ತುತ್ತು ತಿಂದಿಲ್ಲ," ಎಂದಳು ಹೆಂಡತಿ. "ಊರೇ ಬಿಟ್ಟು ಹೋಗ್ತೀನಿ ಅಂತಿದ್ದಾನೆ."

"ಒಂದು ಚೆಂಡು ಬೀಳ್ಲಿಲ್ಲ ಅಂತ ಊರು ಬಿಡ್ತಾರಾ?"

"ಬೀಳೋ ಹಾಗಿದ್ರೆ ಬೀಳ್ತಿತ್ತು. ನಾನೊಂದು ಕೇಳ್ತೀನಿ, ನಿಜ ಹೇಳ್ರಿ. ಆ ರಿಂಗಿಗೆ ಏನು ಮಾಡಿದ್ರಿ?"

"ಬಿಗಿ ಮಾಡ್ದೆ."

"ಎಷ್ಟು?"

ಇಂಥ ಪ್ರಶ್ನೆಯನ್ನು ಅವನಿಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. "ಎಷ್ಟು ಬೇಕೋ ಅಷ್ಟು," ಎಂದ.

"ಅದು ಯಾರಿಗೆ ಗೊತ್ತು? ಜಾಸ್ತಿ ಆಗಿರಬಹುದಲ್ಲ. ಅದಕ್ಕೇ ಚೆಂಡು ಪುಟಿದಿದೆ. ಹೊರಗೆ ಯಾರಾದ್ರೂ ನನ್ನ ತಮ್ಮನ ಹೆಸರೆತ್ತಿದ್ರೆ ನೀವು ಸುಮ್ನೆ ನಿಂತ್ಕೋಬೇಡಿ. ಅವನ ಕೈ ಸರಿಯಾಗೇ ಇತ್ತು ಅಂತ ಹೇಳಿ."

ಅವನ ಕೈ ಸರಿಯಾಗಿದ್ದರೆ ಇನ್ನು ಉಳಿದದ್ದು ಯಾವುದು ಎಂದು ಯೋಚಿಸುತ್ತಲೇ ಕಿಡಿಯಣ್ಣ ಅಂಗಡಿಯ ದಾರಿ ಹಿಡಿದ.

ಊರಿನಲ್ಲಿ ತಪ್ಪು ಆಗಲೇ ಸಾಕಷ್ಟು ತಿರುಗಾಡಿ ಬಂದಿತ್ತು. ಪಂದ್ಯ ಮುಗಿದ ಕೂಡಲೇ ಅದು ರೆಫರಿಯ ಮೇಲಿತ್ತು. ರೆಫರಿ ಬಸ್ಸು ಹತ್ತಿ ಹೋದ ಮೇಲೆ ಗಾಳಿಯ ಮೇಲೆ ಕೂತಿತು. ಗಾಳಿ ನಿಂತಿತು. ಆಮೇಲೆ ನಾಯಕನ ಹೊಸ ಬೂಟು. ಅದಾದ ಮೇಲೆ ನಾಯಕನ ತಲೆಗೂದಲು. ಸರಣಿ ಮುಗಿಯುವ ತನಕ ಕೂದಲು ಕತ್ತರಿಸಬಾರದು ಅನ್ನುವುದು ತಂಡ ಪಾಲಿಸಿಕೊಂಡು ಬಂದ ಕಟ್ಟುಪಾಡು. ಕೊನೆಯ ಪಂದ್ಯದ ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆಂದು ನಾಯಕ ಮುಂಗೂದಲನ್ನಷ್ಟೇ ಕತ್ತರಿಸಿಕೊಂಡಿದ್ದ. ಕತ್ತರಿಸಿದವನು ಕಿಡಿಯಣ್ಣನ ಪಕ್ಕದಂಗಡಿಯ ಕ್ಷೌರದವನು. ಬೆಳಗಾಗುವಷ್ಟರಲ್ಲಿ ತಪ್ಪು ಅವನ ಬಾಗಿಲಲ್ಲಿ ಮಲಗಿದ ನಾಯಿಯಂತೆ ಬಿದ್ದುಕೊಂಡಿತ್ತು. ಅದನ್ನು ಎಬ್ಬಿಸಿ ಬೇರೆ ಯಾರ ಬಾಗಿಲಿಗಾದರೂ ಅಟ್ಟಲೇಬೇಕಾಗಿತ್ತು. ಹತ್ತಿರದ ಬಾಗಿಲು ಕಿಡಿಯಣ್ಣನದು.

"ಬಾ ಕಿಡಿಯಣ್ಣ, ಕೂತ್ಕೋ," ಎಂದು ಕ್ಷೌರದವನು ತನ್ನ ಕುರ್ಚಿಯನ್ನೇ ತೋರಿಸಿದ. ಈ ಕುರ್ಚಿಯಲ್ಲಿ ಸುಮ್ಮನೆ ಕೂರಲು ಅವನು ಯಾರನ್ನೂ ಕರೆದವನಲ್ಲ. "ನಿದ್ದೆ ಬಂತಾ?"

"ಬಂತು."

"ಬಂತಾ? ಗಟ್ಟಿ ಮನಸ್ಸು ನಿಂದು. ನಾನಾಗಿದ್ರೆ ನಿದ್ದೆ ಬರ್ತಿರಲಿಲ್ಲ. ಅಲ್ಲ, ನಾನೇನೂ ಹೇಳ್ತಿಲ್ಲ. ಆ ಬೋಲ್ಟಿಗೆ ವಾಷರ್ ಹಾಕಿದ್ಯಾ?"

ಕಿಡಿಯಣ್ಣ ಯೋಚಿಸಿದ. ವಾಷರ್ ಹಾಕಿದ ನೆನಪಿತ್ತು. ಆದರೆ ಅದು ಈ ಬೋಲ್ಟಿಗೋ, ಅದೇ ದಿನ ಬೆಳಿಗ್ಗೆ ಹಾಲಿನ ಡೈರಿಯ ಗೇಟಿಗೋ ಎಂದು ಯೋಚಿಸಿದಂತೆಲ್ಲ ಎರಡೂ ಬೋಲ್ಟುಗಳು ಕಣ್ಣಮುಂದೆ ಒಂದೇ ಆಗಿ ನಿಂತವು.

"ಹಾಕಿದ್ದೆ ಅನ್ಸುತ್ತೆ," ಎಂದ.

"ಅನ್ಸುತ್ತೆ," ಎಂದು ಕ್ಷೌರದವನು ಮೆಲ್ಲಗೆ ಹೇಳಿಕೊಂಡ. "ರಿಂಗು ಒಂಚೂರು ಮೇಲಕ್ಕೆ ಹೋಗಿರಬಹುದಾ, ಬಿಗಿ ಮಾಡುವಾಗ?"

"ಇರಬಹುದು. ಅಳೆದು ನೋಡ್ಲಿಲ್ಲ."

ಕ್ಷೌರದವನಿಗೆ ಅಷ್ಟು ಸಾಕಾಗಿತ್ತು. ಅವನ ಮುಂದಿನ ಗಿರಾಕಿ ಗಡ್ಡ ಅರ್ಧ ಹೆರೆಸಿಕೊಂಡಿರುವಾಗಲೇ ಅದು "ಕಿಡಿಯಣ್ಣನೇ ಒಪ್ಕೊಂಡ" ಎಂದಾಗಿತ್ತು. ಆ ಗಿರಾಕಿ ಚಹಾದಂಗಡಿ ತಲುಪುವಷ್ಟರಲ್ಲಿ "ಕಣ್ಣಲ್ಲಿ ನೀರು ಹಾಕ್ಕೊಂಡು ಒಪ್ಕೊಂಡ" ಎಂದಾಯಿತು.

ಕಿಡಿಯಣ್ಣ ಅಂಗಡಿಯ ಬಾಗಿಲು ಎತ್ತಿ, ಕನ್ನಡಕ ಒರೆಸಿಕೊಂಡು, ಹಿಂದಿನ ದಿನ ಬಂದಿದ್ದ ಟ್ರೇಲರಿನ ಕೊಂಡಿಯನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಅದರ ಯಜಮಾನನೇ ಬಂದು ನಿಂತ. ಕಬ್ಬಿಣದ ಬಾಗಿಲಿಗೇ ಮೀಸೆ ಬಂದ ಹಾಗಿದ್ದ ಟ್ರ್ಯಾಕ್ಟರಿನವನು.

"ಅದನ್ನ ಇಲ್ಲಿ ಕೊಡು."

"ಇನ್ನೂ ಶುರು ಮಾಡಿಲ್ಲಣ್ಣ. ಮಧ್ಯಾಹ್ನಕ್ಕೆ ಮುಗಿಸ್ತೀನಿ."

"ಬೇಡ. ಮುಂದಿನೂರಿಗೆ ಒಯ್ತೀನಿ. ಚೆಂಡು ಬಿದ್ರೆ ಸರಣಿ ಹೋಗುತ್ತೆ, ಟ್ರೇಲರ್ ಬಿದ್ರೆ ಜನ ಹೋಗ್ತಾರೆ."

"ಚೆಂಡು ಬಿದ್ದಿದ್ರೆ ಗೆಲ್ತಿದ್ವಲ್ಲಣ್ಣ."

ಟ್ರ್ಯಾಕ್ಟರಿನವನು ಒಂದು ಕ್ಷಣ ಗೊಂದಲಗೊಂಡ. ಆಮೇಲೆ, ತಪ್ಪು ಮಾಡಿದ್ದೂ ಅಲ್ಲದೆ ಮಾತು ಬೇರೆ ಆಡ್ತೀಯಾ ಎನ್ನುವ ಹಾಗೆ ಕೊಂಡಿಯನ್ನು ಹೆಗಲಿಗೇರಿಸಿ ಹೊರಟ. ಅವನ ಹಿಂದೆಯೇ ಇನ್ನೊಬ್ಬ ಬಂದು ತನ್ನ ನೇಗಿಲನ್ನು ಎತ್ತಿಕೊಂಡ. ಕಾರಣ ಹೇಳಲಿಲ್ಲ, ಬೆಸುಗೆ ಹಾಕಿದ ಜಾಗವನ್ನು ಉಗುರಿನಿಂದ ಕೆರೆದು ನೋಡಿ, ಕಿಡಿಯಣ್ಣನ ಮುಖವನ್ನೂ ನೋಡಿ, ನಿಟ್ಟುಸಿರು ಬಿಟ್ಟು ಹೋದ. ಆ ನಿಟ್ಟುಸಿರು ಟ್ರ್ಯಾಕ್ಟರಿನವನ ಮಾತಿಗಿಂತ ಭಾರವಾಗಿತ್ತು. ಹೀಗೇ ಬಿಟ್ಟರೆ ಸಂಜೆಗೆ ಅಂಗಡಿಯಲ್ಲಿ ತಾನೊಬ್ಬನೇ ರಿಪೇರಿಗೆ ಬಂದ ವಸ್ತುವಾಗಿ ಉಳಿಯುತ್ತೇನೆ ಎಂದು ಹೆದರಿ, ಅವನು ಬಾಗಿಲು ಎಳೆದು ಮಾಸ್ತರನ್ನು ಹುಡುಕಿಕೊಂಡು ಹೊರಟ.

ಮಾಸ್ತರು ಚಹಾದಂಗಡಿಯಲ್ಲಿ ಸಿಕ್ಕರು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಅದಿಲ್ಲದೆ ಅವರನ್ನು ಯಾರೂ ಕಂಡಿರಲಿಲ್ಲ. ಪಕ್ಕದಲ್ಲಿ ತಂಡದ ಕಾರ್ಯದರ್ಶಿಯಾದ ದರ್ಜಿ, ಕೊರಳಲ್ಲಿ ಅಳತೆಯ ಟೇಪು. ಕ್ಷೌರದವನು ಯಾವ ಮಾಯದಲ್ಲೋ ಅಲ್ಲಿಗೂ ಬಂದಿದ್ದ. ಸುತ್ತ ನಿಂತವರಲ್ಲಿ ಎರಡು ಪಕ್ಷ ಆಗಿತ್ತು: ರಿಂಗಿನ ತಪ್ಪು ಎನ್ನುವವರದು ಒಂದು, ಕೊಕ್ಕರೆಯ ತಪ್ಪು ಎನ್ನುವವರದು ಇನ್ನೊಂದು. ಎರಡೂ ತಪ್ಪು ಒಂದೇ ಮನೆಯದಾದ್ದರಿಂದ ಜಗಳ ಸಲೀಸಾಗಿ ನಡೆದಿತ್ತು.

"ಮಾಸ್ತರೇ, ನಾನು ಸರಿಯಾಗೇ ಮಾಡಿದ್ದೆ," ಎಂದ ಕಿಡಿಯಣ್ಣ.

"ಹಾಗಾದ್ರೆ ನಿನ್ನ ಬಾಮೈದನದೇ ತಪ್ಪು," ಎಂದಿತು ಒಂದು ಪಕ್ಷ.

ಹೆಂಡತಿಯ ಮುಖ ನೆನಪಾಯಿತು. "ಇಲ್ಲ, ಅವನ ಕೈ ಸರಿಯಾಗೇ ಇತ್ತು."

"ಹಾಗಾದ್ರೆ ರಿಂಗು," ಎಂದಿತು ಇನ್ನೊಂದು ಪಕ್ಷ.

"ರಿಂಗೂ ಸರಿಯಾಗಿತ್ತು."

"ಕೈ ಸರಿ, ರಿಂಗು ಸರಿ, ಚೆಂಡು ಮಾತ್ರ ಬೀಳ್ಲಿಲ್ಲ," ಎಂದರು ಮಾಸ್ತರು. "ನೀನು ಹೇಳೋದು ನಿನಗಾದ್ರೂ ಅರ್ಥ ಆಗ್ತಿದೆಯೇನಪ್ಪ?"

ಆಗಿರಲಿಲ್ಲ. ದರ್ಜಿ ಇದ್ದುದರಲ್ಲಿ ನ್ಯಾಯವಂತ. ಅವನು ಬೆರಳೆತ್ತಿ ಹೇಳಿದ: "ಒಂದು ಮಾತು. ಅರ್ಧ ಆಟ ಆದ್ಮೇಲೆ ಎರಡೂ ತಂಡ ಕಡೆ ಬದಲಾಯಿಸ್ತಾರೆ ತಾನೆ? ಅಂದ್ರೆ ಮೊದಲರ್ಧ ಅವರು ಇದೇ ರಿಂಗಿಗೆ ಹಾಕಿದ್ದು. ಅವರವು ಬಿದ್ವಲ್ಲ, ಸಾಲು ಸಾಲಾಗಿ?"

"ಅದನ್ನೇ ನಾನೂ ಹೇಳ್ತಿರೋದು," ಎಂದ ಕ್ಷೌರದವನು. "ಅವರಿಗೆ ಬೀಳೋ ಹಾಗೆ ಬಿಗಿ ಮಾಡಿದ್ದಾನೆ."

ಈ ಮಾತಿನಲ್ಲಿ ಎಲ್ಲೋ ಏನೋ ಸರಿಯಿಲ್ಲ ಎಂದು ಎಲ್ಲರಿಗೂ ಅನ್ನಿಸಿತು. ಎಲ್ಲಿ ಎಂದು ಯಾರಿಗೂ ಹೇಳಲಾಗಲಿಲ್ಲ. ಕಿಡಿಯಣ್ಣನಿಗಂತೂ ತಾನು ಹಾಗೆ ಮಾಡಿದ್ದರೂ ಮಾಡಿರಬಹುದು ಎಂಬ ಸಂಶಯ ಶುರುವಾಯಿತು. ಏಣಿಯ ಮೇಲೆ ನಿಂತಾಗ ಪಕ್ಕದೂರಿನ ಕಡೆ ಮುಖ ಮಾಡಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದ.

ಕೊನೆಗೆ ಮಾಸ್ತರು ಸೀಟಿ ಊದಿದರು. ಚಹಾದಂಗಡಿಯವನು ಅಭ್ಯಾಸಬಲದಿಂದ ಕೈಲಿದ್ದ ಲೋಟ ಕೆಳಗಿಟ್ಟ.

"ಬಾಯಲ್ಲಿ ಅಳೆಯೋದು ಸಾಕು," ಎಂದರು. "ನಡೀರಿ ಅಂಗಳಕ್ಕೆ. ರಿಂಗು ನೆಲದಿಂದ ಹತ್ತಡಿ ಇರಬೇಕು, ನೆಟ್ಟಗಿರಬೇಕು. ಇಲ್ಲದಿದ್ರೆ ಇವನ ತಪ್ಪು. ಇದ್ರೆ ಅಲ್ಲ."

ಅಂಗಳವೆಂದರೆ ಧಾನ್ಯದ ಗೋದಾಮಿನ ಹಿಂದಿನ ಸಿಮೆಂಟು ಕಣ. ಕಾಳು ಒಣಗಿಸಲು ಮಾಡಿದ ಜಾಗ. ಕಾಳು ಇಲ್ಲದ ದಿನ ಆಟ. ಮೆರವಣಿಗೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಅಂಗಡಿಗಳೆಲ್ಲ ಅರ್ಧ ಮುಚ್ಚಿದ್ದವು. ಸುದ್ದಿ ಮನೆಗೂ ಹೋಗಿ, ಹೆಂಡತಿ ತಮ್ಮನನ್ನು ಕಂಬಳಿಯಿಂದ ಎಳೆದುಕೊಂಡೇ ಬಂದಿದ್ದಳು. ಕೊಕ್ಕರೆ ಎಲ್ಲರಿಗಿಂತ ಹಿಂದೆ ನಿಂತಿದ್ದ. ಎಲ್ಲರಿಗಿಂತ ಎತ್ತರವಾಗಿದ್ದರಿಂದ ಅಡಗಿದ ಹಾಗೇನೂ ಆಗಲಿಲ್ಲ.

ಕಿಡಿಯಣ್ಣನ ಏಣಿಯನ್ನು ಕಿಡಿಯಣ್ಣನೇ ಹೊತ್ತು ತಂದು ನಿಲ್ಲಿಸಿದ. ದರ್ಜಿ ಹತ್ತಿದ. ಟೇಪು ಐದಡಿಯದು, ಮನುಷ್ಯರಿಗೆಂದು ಮಾಡಿದ್ದು. ಆದ್ದರಿಂದ ಅವನು ಕಂಬವನ್ನು ಎರಡು ಸಲ ಅಳೆಯಬೇಕಾಯಿತು, ನಡುವೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ. ಅಭ್ಯಾಸಬಲದಿಂದ "ಸೊಂಟಕ್ಕೆ ಇಷ್ಟು ಬಿಡೋಣವಾ?" ಎಂದು ಕೆಳಗೆ ನೋಡಿ ಕೇಳಿಯೂಬಿಟ್ಟ. ಆಮೇಲೆ ನೀರು ತುಂಬಿದ ಒಂದು ಅಗಲವಾದ ತಟ್ಟೆಯನ್ನು ರಿಂಗಿನ ಮೇಲಿಟ್ಟು ನೋಡಿದರು. ನೀರು ಯಾವ ಕಡೆಗೂ ವಾಲಲಿಲ್ಲ.

"ಹತ್ತಡಿ. ಕೂದಲಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ," ಎಂದ ದರ್ಜಿ ಮೇಲಿನಿಂದ. "ಮೇಜಿನ ಹಾಗೆ ಮಟ್ಟಸವಾಗಿದೆ."

ಕಿಡಿಯಣ್ಣನ ಎದೆಯಲ್ಲಿ ಬೆಳಗಿನಿಂದ ಕೂತಿದ್ದ ಕಲ್ಲು ಇಳಿಯಿತು. ಗುಂಪಿನಲ್ಲಿದ್ದ ಟ್ರ್ಯಾಕ್ಟರಿನವನ ಕಡೆ ನೋಡಿದ. ಅವನು ಮೀಸೆ ಸವರಿಕೊಂಡು ಬೇರೆ ಕಡೆ ನೋಡುತ್ತಿದ್ದ. ಕಿಡಿಯಣ್ಣ ಅಲ್ಲಿಗೇ ಮನೆಗೆ ಹೋಗಿದ್ದರೆ ಈ ಕತೆ ಮುಗಿಯುತ್ತಿತ್ತು. ಆದರೆ ಎಲ್ಲರ ತಲೆಗಳೂ ಒಂದೊಂದಾಗಿ ಕೊಕ್ಕರೆಯ ಕಡೆ ತಿರುಗತೊಡಗಿದ್ದನ್ನು ಅವನು ಕಂಡ. ಕೊಕ್ಕರೆ ಕುಗ್ಗಿದ, ಎರಡು ಮಡಿಕೆಯಾಗಿ. ಅದರ ಹಿಂದೆಯೇ ಹೆಂಡತಿಯ ಕಣ್ಣು ತನ್ನ ಮೇಲೆ ನೆಟ್ಟಿದ್ದೂ ಕಂಡಿತು. ನೀವು ಗೆದ್ದಿರಿ, ನನ್ನ ತಮ್ಮ ಸತ್ತ ಎನ್ನುವ ಹಾಗಿತ್ತು ಆ ನೋಟ.

ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದ.

"ಆ ಕಡೆಯದನ್ನೂ ಅಳೀರಿ."

"ಯಾಕೆ?" ಎಂದರು ಮಾಸ್ತರು.

"ಸುಮ್ನೆ. ಅಳತೆ ಅಂದ್ಮೇಲೆ ಎರಡೂ ಆಗ್ಲಿ."

ಏಣಿ ಆ ತುದಿಗೆ ಹೋಯಿತು. ದರ್ಜಿ ಮತ್ತೆ ಹತ್ತಿ ಮತ್ತೆ ಅಳೆದ. ಒಂದು ಸಲ ಅಳೆದು ತಲೆ ಕೆರೆದುಕೊಂಡ. ಇನ್ನೊಂದು ಸಲ ಅಳೆದು ಟೇಪನ್ನೇ ತಿರುಗಿಸಿ ನೋಡಿದ. ಮಾಸ್ತರೇ ಹತ್ತಿ ತಟ್ಟೆಯನ್ನಿಟ್ಟರು. ತಟ್ಟೆಯ ನೀರೆಲ್ಲ ಮುಂದಕ್ಕೆ ಹರಿದು ಕ್ಷೌರದವನ ತಲೆಯ ಮೇಲೆ ಬಿತ್ತು.

"ಇದು ನಾಲ್ಕು ಬೆರಳು ಕೆಳಗಿದೆ," ಎಂದ ದರ್ಜಿ. "ಮುಂದಕ್ಕೆ ಜೋತಿದೆ ಬೇರೆ. ಯಾವ ಕಾಲದಿಂದ ಹೀಗಿದೆಯೋ."

ಕಿಡಿಯಣ್ಣ ಉತ್ಸಾಹದಲ್ಲಿ ಹೇಳಿದ: "ಅದೂ ಹೀಗೇ ಇತ್ತು. ಬಿಗಿ ಮಾಡೋಕೆ ಮುಂಚೆ. ಎರಡೂ ಒಂದೇ ಥರ ಜೋತಿದ್ವು. ನಾನು ಎತ್ತಿ ನೆಟ್ಟಗೆ ಮಾಡ್ದೆ."

ಮಾಸ್ತರು ಏಣಿಯಿಂದ ಒಂದೊಂದೇ ಮೆಟ್ಟಿಲು ಇಳಿದರು. ಅವರ ಮುಖದ ಮೇಲೆ ಬಹಳ ವರ್ಷಗಳ ಲೆಕ್ಕ ಹಿಂದಕ್ಕೆ ಓಡುತ್ತಿತ್ತು.

"ನಮ್ಮ ಹುಡುಗರು ಆಡೋದು ಕಲಿತದ್ದು ಎಲ್ಲಿ?" ಎಂದರು, ಯಾರನ್ನೂ ಕೇಳದ ಹಾಗೆ.

"ಇಲ್ಲೇ, ಮಾಸ್ತರೇ."

"ಜೋತಿರೋ ರಿಂಗಿಗೆ."

"ಹೌದು, ಮಾಸ್ತರೇ."

"ಹೊರಗಿನವರು ಇಲ್ಲಿ ಬಂದು ಒದ್ದಾಡ್ತಿದ್ರು. ನಾವು ನಮ್ಮ ಆಟ ದೊಡ್ಡದು ಅಂದ್ಕೊಂಡಿದ್ವಿ." ಅವರು ಕಿಡಿಯಣ್ಣನ ಕಡೆ ತಿರುಗಿದರು. ದನಿಯಲ್ಲಿ ಕೋಪವಿರಲಿಲ್ಲ; ಕೋಪವಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಇಷ್ಟು ವರ್ಷ ಎರಡೂ ಕಡೆ ನಮ್ಮನ್ನ ಕಾಪಾಡಿಕೊಂಡು ಬಂದಿದ್ದು ಈ ಜೋತ ರಿಂಗುಗಳೇ ಕಣಪ್ಪ. ಒಂದು ಕಡೆಯದನ್ನ ನೀನು ಸರಿ ಮಾಡಿಬಿಟ್ಟೆ. ಮೊದಲರ್ಧ ಅವರ ಚೆಂಡು ಸಾಲಾಗಿ ಬಿದ್ದಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಕೊನೇಲಿ ನಮ್ಮವನದು ಬೀಳದೆ ಹೋದದ್ದೂ."

"ನಾನು ಹೇಳಿರಲಿಲ್ವಾ, ಅವರಿಗೆ ಬೀಳೋ ಹಾಗೆ ಮಾಡಿದ್ದಾನೆ ಅಂತ?" ಎಂದ ಕ್ಷೌರದವನು, ತಲೆ ಒರೆಸಿಕೊಳ್ಳುತ್ತಾ.

"ನೀವೇ ತಾನೆ ಹೇಳಿದ್ದು, ಸರಿಯಿದ್ರೆ ನನ್ನ ತಪ್ಪಲ್ಲ ಅಂತ," ಎಂದ ಕಿಡಿಯಣ್ಣ.

"ಆಗ ನನಗೆ ಗೊತ್ತಿರಲಿಲ್ಲಪ್ಪ, ಸರಿಯಿರೋದೇ ತಪ್ಪು ಅಂತ."

ಬೆಳಗಿನಿಂದ ಸಂಶಯದಲ್ಲಿದ್ದದ್ದು ಈಗ ಅಳತೆ ಮಾಡಿ ಸಾಬೀತಾಗಿತ್ತು. ಗುಂಪಿನಲ್ಲಿ ಹೊಸ ಮಾತು ಹುಟ್ಟಿಕೊಂಡಿತು. ಟ್ರ್ಯಾಕ್ಟರಿನವನು ಪಕ್ಕದವನಿಗೆ ತಗ್ಗಿದ ದನಿಯಲ್ಲಿ, "ಅವನ ಕೈಗೆ ಏನೂ ಕೊಡಬೇಡ ಮಾರಾಯ, ಸರಿ ಮಾಡಿಬಿಡ್ತಾನೆ," ಎಂದದ್ದು ಕಿಡಿಯಣ್ಣನಿಗೆ ಚೆನ್ನಾಗಿ ಕೇಳಿಸಿತು. ಹೆಂಡತಿಯೊಬ್ಬಳೇ ಸಮಾಧಾನದಲ್ಲಿದ್ದಳು. ತಮ್ಮನ ಬೆನ್ನಿನ ಮಡಿಕೆಗಳನ್ನು ಕೈಯಿಂದ ಬಿಡಿಸುತ್ತಾ, "ಕೇಳಿಸ್ತಾ? ನಿನ್ನ ಕೈಯಲ್ಲಿ ಏನೂ ಇರಲಿಲ್ಲ. ಎಲ್ಲಾ ನಿಮ್ಮ ಭಾವಂದೇ," ಎಂದು ಅವನನ್ನು ನೆಟ್ಟಗೆ ನಿಲ್ಲಿಸಿದಳು.

ತೀರ್ಪು ಬೇಗ ಬಂತು. ಕಿಡಿಯಣ್ಣ ತಾನು ಮಾಡಿದ್ದನ್ನು ತಾನೇ ಬಿಚ್ಚಬೇಕು. ರಿಂಗು ಮೊದಲು ಹೇಗೆ ಜೋತಿತ್ತೋ ಹಾಗೆಯೇ ಜೋಲಬೇಕು. ದರ್ಜಿ ಅಳೆದು ಒಪ್ಪಬೇಕು. ವಿಷಯ ಊರು ದಾಟಬಾರದು. ಕಿಡಿಯಣ್ಣ ಅಂಗಡಿಗೆ ಹೋಗಿ ಸುತ್ತಿಗೆ, ಉದ್ದನೆಯ ಪೈಪು, ಕಬ್ಬಿಣ ಕಾಯಿಸುವ ಗ್ಯಾಸ್ ಟಾರ್ಚು ತಂದ. ಏಣಿ ಹತ್ತಿ ತನ್ನ ಬೆಸುಗೆಯನ್ನು ನೋಡಿದ. ಒಳ್ಳೆಯ ಬೆಸುಗೆ. ಇರುವೆಯ ಸಾಲಿನ ಹಾಗೆ ಒಂದೇ ಸಮನಾಗಿ ಕೂತಿತ್ತು. ಅದನ್ನು ಕೆಂಪಗೆ ಕಾಯಿಸಿ ಸಡಿಲಿಸಿ, ಪೈಪು ಹಾಕಿ ಜಗ್ಗಿ, ಕೈಯಲ್ಲಿ ಬಲ ಸಾಲದೆ ಕೊನೆಗೆ ಪೈಪಿಗೆ ತಾನೇ ಜೋತುಬಿದ್ದ. ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತುವನ್ನು ಕೆಡಿಸುವ ಕೆಲಸ. ಅದು ಸರಿಮಾಡುವುದಕ್ಕಿಂತ ಕಷ್ಟವಾಗಿತ್ತು. ಎಷ್ಟು ಕೆಡಿಸಿದರೂ ದರ್ಜಿ ಕೆಳಗಿನಿಂದ, "ಇನ್ನೊಂದು ಬೆರಳು. ಇಲ್ಲ, ಜಾಸ್ತಿ ಆಯ್ತು. ಒಂಚೂರು ಎತ್ತು," ಎನ್ನುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ತಟ್ಟೆಯ ನೀರು ಇತ್ತಲೂ ಅತ್ತಲಿನಷ್ಟೇ ಹರಿಯಿತು. ಈ ಸಲ ಕ್ಷೌರದವನು ದೂರ ನಿಂತಿದ್ದ. ಜನ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷದ ಕೆಲಸದಲ್ಲಿ ಕಿಡಿಯಣ್ಣನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವನು ನಗಬೇಕೋ ಅಳಬೇಕೋ ತಿಳಿಯದೆ ಏಣಿಯ ಮೇಲೆಯೇ ನಿಂತ.

ಮಾಸ್ತರು ಚೆಂಡು ತರಿಸಿದರು. "ಬಾರಪ್ಪ ಕೊಕ್ಕರೆ. ನಿನ್ನೆ ನಿಂತಿದ್ದ ಜಾಗದಲ್ಲೇ ನಿಂತು ಹಾಕು. ಜನಕ್ಕೂ ಸಮಾಧಾನ ಆಗ್ಲಿ."

ಕೊಕ್ಕರೆ ಬಂದ. ಈಗ ಅವನ ಬೆನ್ನು ನೆಟ್ಟಗಿತ್ತು, ಕಣ್ಣಲ್ಲಿ ಬೆಳಕಿತ್ತು. ಚೆಂಡನ್ನು ನೆಲಕ್ಕೆ ಬಡಿದ, ಉಸಿರೆಳೆದ, ಮೊಣಕಾಲು ಬಗ್ಗಿಸಿದ, ಹಾಕಿದ.

ಚೆಂಡು ರಿಂಗನ್ನು ಮುಟ್ಟಲಿಲ್ಲ. ಬೋರ್ಡನ್ನೂ ಮುಟ್ಟಲಿಲ್ಲ. ಎರಡರ ಮೇಲೂ ಆರಾಮವಾಗಿ ಹಾದು ಗೋದಾಮಿನ ತಗಡಿನ ಮಾಡಿನ ಮೇಲೆ ಢಬ್ ಎಂದು ಬಿದ್ದು ಆ ಕಡೆ ಉರುಳಿ ಹೋಯಿತು.

ಕೊಕ್ಕರೆ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಮಾಸ್ತರು ಕೊಕ್ಕರೆಯನ್ನು ನೋಡಿದರು, ಕೊಕ್ಕರೆಯ ಅಕ್ಕನನ್ನು ನೋಡಿದರು, ಬೇಗ ಕಣ್ಣು ತೆಗೆದು ಮೇಲೆ ನೋಡಿದರು. ಅವರು ನೋಡಿದ ಕಡೆ ದರ್ಜಿ ನೋಡಿದ, ಕ್ಷೌರದವನು ನೋಡಿದ, ಆಮೇಲೆ ಊರೇ ನೋಡಿತು.

ಕಿಡಿಯಣ್ಣ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಧಾನವಾಗಿ ಕೆಳಗಿಳಿದ. ಇಳಿದು, ಕೈ ಒರೆಸಿಕೊಂಡು, ಮಾಸ್ತರ ಮುಂದೆ ನಿಂತ.

"ಗೊತ್ತು ಮಾಸ್ತರೇ, ನಂದೇ ತಪ್ಪು," ಎಂದ. "ಏನು ಅಂತ ಮಾತ್ರ ಹೇಳಿಬಿಡಿ."

ಮಾಸ್ತರು ಗಲ್ಲ ಸವರಿಕೊಂಡರು. ಒಮ್ಮೆ ದರ್ಜಿಯ ಮುಖ, ಒಮ್ಮೆ ಕ್ಷೌರದವನ ಮುಖ ನೋಡಿದರು. ಅಲ್ಲೂ ಏನೂ ಸಿಗಲಿಲ್ಲ.

"ಸ್ವಲ್ಪ ಕೂತಿರಪ್ಪ," ಎಂದರು. "ಮಾತಾಡಿ ಹೇಳ್ತೀವಿ."